ಚಿಸೋಮೋನ ಅಜ್ಜಿಯ ಜರಡಿ

ಹಟ್ಟಿಕೇರಿ, ಇಂದು ಬೆಳಿಗ್ಗೆ

ಚಿಸೋಮೋನ ತೋಳು ಹಸಿರಿಗೆ ಬಂತು. ಅವನ ಊರಿನ ಹಿಟ್ಟೂ ನಿಲ್ಲುವುದಿಲ್ಲ. ಎರಡೂ ಸುದ್ದಿ ಇವತ್ತು ಬೆಳಿಗ್ಗೆ ಒಂದೇ ಫೋನಿನಲ್ಲಿ ಬಂದವು. ನಾನು ದೋಸೆ ಹೊಯ್ಯುತ್ತಿದ್ದೆ. ಕಾವಲಿಯ ಮೇಲಿದ್ದದ್ದು ಕರಿ ಆಯ್ತು, ಆಗಲಿ. ಅಂಗಳಕ್ಕೆ ಓಡಿ ನಮ್ಮನೆಯವರಿಗೆ ಹೇಳಿದೆ, ಹಾಸಿಗೆಯಲ್ಲಿದ್ದ ಅತ್ತೆಯ ಕಿವಿಯ ಹತ್ತಿರ ಹೋಗಿ ಕೂಗಿ ಹೇಳಿದೆ, ಬೇಲಿಯ ದಣಪೆಯ ಆಚೆ ಹಾಲು ಕೊಡಲು ಹೊರಟವರನ್ನೂ ನಿಲ್ಲಿಸಿ ಹೇಳಿದೆ. ಅವರಿಗೆ ಚಿಸೋಮೋ ಯಾರು ಅಂತ ಗೊತ್ತಿಲ್ಲ. ಸಂತೋಷ ಅಂದು ಹೋದರು. ನಿಮಗೂ ಗೊತ್ತಿಲ್ಲ. ಅದಕ್ಕೇ ಬರೆಯಲು ಕೂತೆ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ನನ್ನ ಸಾಲು ಹೊರಡುವುದು ಒಂದು ಕಡೆ, ಮುಟ್ಟುವುದು ಇನ್ನೊಂದು ಕಡೆ. ಸ್ವಲ್ಪ ಸುಧಾರಿಸಿಕೊಂಡು ಓದಿ.

ಚಿಸೋಮೋ ಆಫ್ರಿಕಾದ ಮಲಾವಿ ಎಂಬ ದೇಶದ ಕೂಸು. ನಾನು ಅಲ್ಲಿಗೆ ಹೋಗಿ ಅವನನ್ನು ಎತ್ತಿಕೊಂಡು ಬಂದಿದ್ದೇನೆ, ಅಂದರೆ ಅಲ್ಲೇ ಎತ್ತಿಕೊಂಡು ಅಲ್ಲೇ ಇಳಿಸಿ ಬಂದಿದ್ದೇನೆ. ನನ್ನ ಮಗಳು ವಿನುತಾ ಇದ್ದಾಳಲ್ಲ, ಅವಳದು ವಿಚಿತ್ರ ಕೆಲಸ. ಬಡ ದೇಶಗಳಲ್ಲಿ ಮಕ್ಕಳಿಗೆ ಅಂತ ಹಿಟ್ಟು, ಎಣ್ಣೆ, ಮೊಟ್ಟೆ ಕೊಡುವ ಯೋಜನೆಗಳು ಇರುತ್ತವೆ. ಕೊಟ್ಟದ್ದು ನಿಜವಾಗಿ ಮಕ್ಕಳ ಮೈಗೆ ಹತ್ತುತ್ತದೋ ಇಲ್ಲವೋ ಅಂತ ಹೋಗಿ ನೋಡಿ, ಅಳೆದು, ಬರೆದು ಕೊಡುವವಳು ಅವಳು. ಇರುವುದು ಕಾರವಾರದಲ್ಲಿ. ಹೋದ ವರ್ಷ ಮಲಾವಿಗೆ ಮೂರು ವಾರ ಹೋಗಬೇಕು ಅಂತ ಬಂದಾಗ ಅವಳ ಮಗಳು ಪುಟ್ಟಿಗೆ ಏಳು ತಿಂಗಳು, ಮೊಲೆಹಾಲು ಬಿಟ್ಟಿರಲಿಲ್ಲ. ಅಳಿಯಂದಿರಿಗೆ ಅಮದಳ್ಳಿ ಕಡೆ ಕೆಲಸ, ರಜೆ ಇಲ್ಲ. ಕೂಸು ಹಿಡಿಯಲು ಒಬ್ಬರು ಬೇಕು. ಒಬ್ಬರು ಅಂದರೆ ನಾನು.

ನಮ್ಮನೆಯವರು, ಹುಬ್ಬಳ್ಳಿ ದಾಟದವಳು ಆಫ್ರಿಕಾದಲ್ಲಿ ಎಂತ ಮಾಡ್ತೆ ಅಂದರು. ಕೂಸು ಹಿಡೀತೆ ಅಂದೆ.

ಮುರುಗಲು ತಿಂದ ಸಾಹೇಬರು

ವಿಮಾನದ ಹೆದರಿಕೆ ನನಗಾಗಲಿಲ್ಲ, ಪುಟ್ಟಿಗೆ ಆಯ್ತು. ನಡುವೆ ಒಂದು ದೇಶದಲ್ಲಿ ಇಳಿದು ಬೇರೆ ವಿಮಾನ ಹತ್ತಿದ ಮೇಲೆ ಅವಳು ಅಳಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಹಿಂದಿನ ಸೀಟಿನಿಂದ ಒಬ್ಬ ಎತ್ತರದ ಗಂಡಸು ಎದ್ದು ಬಂದ, ಎರಡೂ ಕೈ ಚಾಚಿದ. ವಿನುತಾ ಕೊಟ್ಟುಬಿಟ್ಟಳು. ಅವನು ಏನೋ ಗುನುಗುತ್ತ ಆ ಸಣ್ಣ ಓಣಿಯಲ್ಲಿ ಅತ್ತಿಂದಿತ್ತ ನಡೆದ, ಅವನಿಂದ ಒಬ್ಬ ಮುದುಕಿ ಇಸಕೊಂಡಳು, ಅವಳಿಂದ ಮತ್ತೊಬ್ಬಳು. ಕೂಸು ನಮ್ಮ ಹತ್ತಿರ ವಾಪಸ್ಸು ಬರುವಾಗ ನಿದ್ದೆ ಹೋಗಿತ್ತು. ಅಂಕೋಲೆ ಬಸ್ಸಿನಲ್ಲಿ ಕೂಸುಗಳು ಹೀಗೆ ಕೈಯಿಂದ ಕೈಗೆ ಹೋಗುವುದು ಸಾವಿರ ಸಲ ನೋಡಿದ್ದೇನೆ. ಆಕಾಶದಲ್ಲೂ ಹೋಗುತ್ತವೆ ಅಂತ ಗೊತ್ತಿರಲಿಲ್ಲ.

ಇಳಿದ ಮೇಲೆ ಪೆಟ್ಟಿಗೆ ತಪಾಸಣೆ. ನನ್ನ ಚೀಲದಲ್ಲಿ ಪುಟ್ಟಿಗೆ ಮಣ್ಣಿ ಅಂತ ಗಂಜಿ ಕಾಯಿಸಲು ರಾಗಿ ಹಿಟ್ಟು, ಬೆಲ್ಲ, ಮತ್ತೆ ನನ್ನ ಸಾರಿಗೆ ಒಣ ಮುರುಗಲು. ಅಧಿಕಾರಿ ಸಾಹೇಬರು ಮುರುಗಲಿನ ಒಂದು ಸಿಪ್ಪೆಯನ್ನು ಪೆನ್ನಿನ ತುದಿಯಲ್ಲಿ ಎತ್ತಿ ನೋಡಿದರು. ಕರೀ ಕೆಂಪು, ಮೆತ್ತಗೆ, ಸುಕ್ಕು ಸುಕ್ಕು. ಮಾಂಸವಾ ಅಂತ ಕೇಳಿದರು. ಹಣ್ಣಿನ ಸಿಪ್ಪೆ ಅಂತ ವಿನುತಾ ಎರಡು ಸಲ ಹೇಳಿದಳು. ನಂಬಲಿಲ್ಲ. ನಮ್ಮ ಹಿಂದೆ ಸಾಲು ಬೆಳೆಯಿತು. ನಾನು ಒಂದು ಸಿಪ್ಪೆ ತೆಗೆದು ಬಾಯಿಗೆ ಹಾಕಿಕೊಂಡು ಜಗಿದೆ. ಹುಳಿಗೆ ನನ್ನ ಮುಖ ಹೇಗಾಯಿತೋ, ಸಾಹೇಬರು ನಕ್ಕರು, ತಾವೂ ಒಂದು ಹಾಕಿಕೊಂಡರು. ಒಂದು ಕಣ್ಣು ಮುಚ್ಚಿಹೋಯಿತು. ಮತ್ತೆ ಇಬ್ಬರನ್ನು ಕರೆದು ಅವರಿಗೂ ತಿನ್ನಿಸಿದರು. ಮೂವರೂ ಮುಖ ಕಿವುಚಿಕೊಂಡು ನನ್ನನ್ನು ಹೊರಗೆ ಬಿಟ್ಟರು. ಮಲಾವಿಗೆ ನಾನು ಹೋದದ್ದು ಹೀಗೆ.

ಉಪ್ಪಿಲ್ಲದ ಸಮುದ್ರ

ನಾವು ಉಳಿದದ್ದು ಒಂದು ಕೆರೆಯ ದಂಡೆಯ ಊರಿನಲ್ಲಿ. ಕೆರೆ ಅಂತ ವಿನುತಾ ಹೇಳಿದಳು. ನೋಡಿದರೆ ಆಚೆ ದಡವೇ ಇಲ್ಲ. ಅಲೆ ಇದೆ, ದೋಣಿ ಇದೆ, ಬಲೆ ಇದೆ, ಮರಳು ಇದೆ. ನಮ್ಮ ಕಡಲ ಬದಿಯ ಬೇಲೆಕೇರಿಯಲ್ಲಿ ಇರುವುದೆಲ್ಲ ಇದೆ. ನನ್ನ ಹತ್ತಿರ ಸುಳ್ಳು ಹೇಳ್ಬೇಡ ತಂಗಿ, ಇದು ಸಮುದ್ರ ಅಂದೆ, ಮಗಳಿಗೆ ನಾವು ತಂಗಿ ಅನ್ನುವುದು. ಕುಡಿದು ನೋಡು ಅಂದಳು. ಬಗ್ಗಿ ಬೊಗಸೆ ನೀರು ಬಾಯಿಗೆ ಹಾಕಿದೆ. ಸಪ್ಪೆ. ನಮ್ಮ ಬಾವಿಯ ನೀರಿನ ಹಾಗೆ ಸಪ್ಪೆ. ಅಷ್ಟು ದೊಡ್ಡ ನೀರಿಗೆ ಉಪ್ಪು ಹಾಕಲು ದೇವರು ಮರೆತನೋ ಏನೋ.

ದಂಡೆಯಲ್ಲಿ ಅಟ್ಟಣಿಗೆ ಕಟ್ಟಿ ಸಣ್ಣ ಸಣ್ಣ ಬೆಳ್ಳಿ ಮೀನು ಒಣಗಿಸುತ್ತಾರೆ. ಆ ವಾಸನೆ ಮೂಗಿಗೆ ಬಡಿದದ್ದೇ ನನಗೆ ಊರು ಬಿಟ್ಟ ಬೇಜಾರು ಹೋಯಿತು. ಊಟಕ್ಕೆ ಮೆಕ್ಕೆಜೋಳದ ಬಿಳೀ ಮುದ್ದೆ, ಸೊಪ್ಪು, ಆ ಮೀನಿನ ಸಾರು. ಸಾರಿಗೆ ನಾನು ಎರಡು ಮುರುಗಲು ಹಾಕಿದೆ. ನಾವು ಇಳಿದುಕೊಂಡ ಮನೆಯ ಯಜಮಾನಿ ಪಾತ್ರೆ ಬರಿದು ಮಾಡಿದಳು.

ಅಲ್ಲಿ ಹೆಂಗಸರು ಹಿರಿಯರನ್ನು ಕಂಡರೆ ಮೊಣಕಾಲು ಬಗ್ಗಿಸಿ, ಎರಡೂ ಕೈ ಮೆಲ್ಲಗೆ ತಟ್ಟಿ ಮಾತಾಡಿಸುತ್ತಾರೆ. ನನ್ನ ಮುಂದೂ ಹಾಗೇ ಕೂತರು. ಮೊದಲ ದಿನ ನನಗೆ ನಾಚಿಕೆ, ನಾನೂ ಕೂತೆ. ನಾನು ಕೂತದ್ದಕ್ಕೆ ಅವರು ಇನ್ನೂ ಕೆಳಗೆ ಕೂತರು. ನನ್ನ ಮೊಣಕಾಲು ನಿಮಗೆ ಗೊತ್ತಿಲ್ಲ. ಏಳಿಸಲು ಇಬ್ಬರು ಬೇಕಾಯಿತು.

ಮಾವಿನ ಮರದ ಕೆಳಗೆ

ಅಳತೆಯ ದಿನ ಬಂತು. ಊರ ನಡುವಿನ ಮಾವಿನ ಮರದ ಕೊಂಬೆಗೆ ತಕ್ಕಡಿ ತೂಗುಹಾಕಿ, ಚಡ್ಡಿಯಂಥ ಚೀಲದಲ್ಲಿ ಕೂಸನ್ನು ಇಳಿಬಿಟ್ಟು ತೂಗುತ್ತಾರೆ. ನಮ್ಮ ಅಂಗನವಾಡಿಯಲ್ಲಿ ತೂಗಿದ ಹಾಗೇ, ಅಲ್ಲಿಯ ಕೂಸುಗಳೂ ಹಾಗೇ ಕಾಲು ಬಡಿದು ಬೊಬ್ಬೆ ಹೊಡೆಯುತ್ತವೆ. ಆಮೇಲೆ ತೋಳಿಗೆ ಒಂದು ಪಟ್ಟಿ ಸುತ್ತುತ್ತಾರೆ. ಹಸಿರು ಬಂದರೆ ಕೂಸು ಚೆನ್ನಾಗಿದೆ. ಹಳದಿ ಬಂದರೆ ಸೊರಗಿದೆ. ಕೆಂಪು ಬಂದರೆ ಆಸ್ಪತ್ರೆಗೆ.

ಗ್ರೇಸ್ ಅಂತ ಅಲ್ಲಿಯ ಹುಡುಗಿ ವಿನುತಾಳ ಜೊತೆ ಇದ್ದಳು. ಊರವರ ಮಾತನ್ನು ಇಂಗ್ಲಿಷಿಗೆ ಮಾಡಿ ಹೇಳುವುದು ಅವಳ ಕೆಲಸ. ತಾಯಂದಿರು ಸಾಲಾಗಿ ಬಂದು ಉತ್ತರ ಹೇಳುತ್ತಿದ್ದರು. ಅಜ್ಜಿಯರು ದೂರ, ಗೋಡೆಯ ನೆರಳಲ್ಲಿ. ಅವರನ್ನು ಯಾರೂ ಕರೆದಿರಲಿಲ್ಲ. ಪುಟ್ಟಿಯನ್ನು ಎತ್ತಿಕೊಂಡು ನಾನೂ ಆ ಗುಂಪಿನಲ್ಲೇ ಕೂತೆ, ನನ್ನ ಜಾಗ ಅದೇ ಅಲ್ಲವಾ. ಪಕ್ಕದಲ್ಲಿ ನನ್ನದೇ ವಯಸ್ಸಿನವಳು ಒಬ್ಬಳು, ಎರಡು ಹಲ್ಲಿಲ್ಲ, ನಗು ಮಾತ್ರ ಬಾಯಿ ತುಂಬ. ಪುಟ್ಟಿ ಕಿರಿಕಿರಿ ಮಾಡಿದಳು. ಆ ಹೆಂಗಸು ಕೂಸನ್ನು ಇಸಕೊಂಡು, ಬೆನ್ನಿಗೆ ಹಾಕಿ, ಬಣ್ಣದ ಬಟ್ಟೆಯಿಂದ ಬಿಗಿದು ಕಟ್ಟಿದಳು. ಪುಟ್ಟಿ ಅಲ್ಲೇ ಮಲಗಿದಳು. ಅಜ್ಜಿಗೆ ಅಲ್ಲಿ ಅಗೋಗೊ ಅನ್ನುತ್ತಾರೆ. ಅವಳೂ ಅಗೋಗೊ, ನಾನೂ ಅಗೋಗೊ, ಗೋಡೆಯ ನೆರಳಲ್ಲಿ ಇದ್ದವರೆಲ್ಲ ಅಗೋಗೊ. ಆದರೆ ಇಲ್ಲಿ ನಾನು ಅಗೋಗೊ ಅಂತ ಬರೆದರೆ ಅವಳೊಬ್ಬಳೇ ಅಂತ ತಿಳಿಯಿರಿ.

ತಕ್ಕಡಿಯಲ್ಲಿದ್ದ ಅವಳ ಮೊಮ್ಮಗನೇ ಚಿಸೋಮೋ. ಹನ್ನೊಂದು ತಿಂಗಳು. ಕಣ್ಣು ದೊಡ್ಡದು, ತೋಳು ನಮ್ಮ ನುಗ್ಗೆಕಾಯಿ. ಪಟ್ಟಿ ಸುತ್ತಿದರು, ಹಳದಿ. ಹಳದಿಯಲ್ಲೂ ಕೆಂಪಿನ ಹತ್ತಿರ. ಅಗೋಗೊ ನಗು ನಿಲ್ಲಿಸಿದಳು.

ಸಂಜೆ ವಿನುತಾ ಚಹಾ ಕುಡಿಯದೆ ಹಿಡಿದುಕೊಂಡೇ ಕೂತಿದ್ದಳು. ಬಿಡಿಸಿ ಕೇಳಿದೆ. ಆ ಊರುಗಳಿಗೆ ಒಂದು ವರ್ಷದಿಂದ ಹಿಟ್ಟು ಕೊಡುತ್ತಿದ್ದಾರಂತೆ, ಮೆಕ್ಕೆಜೋಳ, ಸೋಯಾ, ಶೇಂಗಾ ಹುರಿದು ಬೀಸಿದ ಹಿಟ್ಟು. ಮನೆ ಮನೆಗೂ ಮುಟ್ಟುತ್ತದೆ, ಅದನ್ನು ಇವಳು ನೋಡಿದ್ದಾಳೆ. ದಿನಕ್ಕೆ ಮೂರು ಸಲ ಗಂಜಿ ಉಣ್ಣಿಸುತ್ತೇವೆ ಅಂತ ತಾಯಂದಿರೆಲ್ಲ ಹೇಳುತ್ತಾರೆ. ಆದರೂ ಮಕ್ಕಳ ತೂಕ ಏಳಲಿಲ್ಲ. ರಾಜಧಾನಿಯಿಂದ ಬಂದ ಕಚೇರಿಯ ಸಾಹೇಬರೊಬ್ಬರು, ಈ ಜನ ಹಿಟ್ಟು ಮಾರಿಕೊಳ್ಳುತ್ತಾರೆ, ಅಷ್ಟೇ ವಿಷಯ ಅಂದರಂತೆ.

"ಮಾರೂದಿಲ್ಲ ಅವ್ವಾ," ಅಂದಳು ವಿನುತಾ. "ಅದು ನಂಗೊತ್ತು. ಆದ್ರೆ ಮತ್ತೆಲ್ಲಿ ಹೋತದೆ ಅಂತ ಗೊತ್ತಿಲ್ಲ. ಗೊತ್ತಾಗದಿದ್ರೆ ಈ ಹಿಟ್ಟಿಂದ ಉಪಯೋಗ ಇಲ್ಲ ಅಂತ್ಲೇ ನಾ ಬರೀಬೇಕು."

ಬರೆದರೆ ಎಂತ ಆಗ್ತದೆ ಅಂತ ಕೇಳಿದೆ. ಹಿಟ್ಟು ನಿಲ್ತದೆ ಅಂದಳು. ನನ್ನ ಕಣ್ಣ ಮುಂದೆ ಆ ಹಳದಿ ಪಟ್ಟಿ ಬಂತು.

ಅಗೋಗೊ ಮನೆಯ ಒಲೆ

ಮರುದಿನ ವಿನುತಾ, ಗ್ರೇಸ್ ಬೇರೆ ಊರಿಗೆ ಹೊರಟರು. ಬಿಸಿಲು ಜಾಸ್ತಿ ಅಂತ ನನ್ನನ್ನೂ ಪುಟ್ಟಿಯನ್ನೂ ಅಗೋಗೊ ಮನೆಯಲ್ಲಿ ಬಿಟ್ಟು ಹೋದರು. ಅಗೋಗೊನ ಸೊಸೆ ಗದ್ದೆಗೆ ಹೋಗಿದ್ದಳು. ಮನೆಯಲ್ಲಿ ಇಬ್ಬರು ಅಜ್ಜಿಯರು, ಎರಡು ಕೂಸು, ಅಂಗಳದಲ್ಲಿ ಏಳೆಂಟು ಕೋಳಿ. ಅವಳು ಅವಳ ಭಾಷೆಯಲ್ಲಿ ಮಾತಾಡಿದಳು, ನಾನು ನನ್ನದರಲ್ಲಿ. ಸೊಸೆಯರ ವಿಷಯ ಮಾತಾಡಿದೆವು ಅಂತ ನನಗೆ ಖಾತ್ರಿ. ಕೈ ತೋರಿಸಿದ ರೀತಿಯಲ್ಲೇ ಗೊತ್ತಾಗುತ್ತದೆ.

ಹೊತ್ತು ಏರಿತು, ಪುಟ್ಟಿಗೆ ಹಸಿವೆ. ನಾನು ರಾಗಿ ಹಿಟ್ಟು ನೀರಲ್ಲಿ ಕದಡಿ, ನಮ್ಮನೆಯವರ ಹಳೇ ಪಂಚೆಯ ತುಂಡು ತೆಗೆದು ಸೋಸಿದೆ. ಒಂದು ಸಲ, ಎರಡು ಸಲ. ಬಟ್ಟೆಯಲ್ಲಿ ಉಳಿದ ಚರಟವನ್ನು ಹಿಂಡಿ ಎಸೆದೆ. ಹಾಲಿನಂಥದ್ದನ್ನು ಮಾತ್ರ ಬೆಲ್ಲ ಹಾಕಿ ಅವಳ ಒಲೆಯ ಮೇಲೆ ಕಾಯಿಸಿದೆ. ನಮ್ಮತ್ತೆ ಕಲಿಸಿದ್ದು. ಕೂಸಿನ ಕರುಳು ತೆಳು, ಚರಟ ತಡೆಯುವುದಿಲ್ಲ ಅಂತ ಅವರ ಮಾತು.

ಅಗೋಗೊ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಸೋಸಿದ್ದು ಕಂಡು ಕೈ ತಟ್ಟಿ ನಕ್ಕಳು. ಮನೆಯ ಒಳಗೆ ಹೋಗಿ ಒಂದು ಜರಡಿ ತಂದಳು. ಚಿಸೋಮೋನ ಹಿಟ್ಟಿನ ಚೀಲ ಬಿಚ್ಚಿ ಜರಡಿ ಹಿಡಿದಳು. ಕೆಳಗೆ ಬಿದ್ದದ್ದು ಬೆಳ್ಳಗೆ, ನುಣ್ಣಗೆ, ಅದನ್ನು ಪಾತ್ರೆಗೆ ಹಾಕಿದಳು. ಮೇಲೆ ಉಳಿದ ತರಿಯನ್ನು ಅಂಗಳಕ್ಕೆ ಚೆಲ್ಲಿದಳು. ಕೋಳಿಗಳು ಮುತ್ತಿದವು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಹಿಗ್ಗಿದೆವು. ಕೂಸು ಸಾಕುವುದು ಹೇಗೆ ಅಂತ ನಮಗಿಬ್ಬರಿಗೆ ಗೊತ್ತು, ಈಗಿನ ಹುಡುಗಿಯರಿಗೆ ಎಂತ ಗೊತ್ತು, ಹಾಗೆ.

ಆಗ ಮೂಗಿಗೆ ಹುರಿದ ಶೇಂಗಾದ ವಾಸನೆ ಬಂತು. ಪಾತ್ರೆಯಿಂದ ಅಲ್ಲ, ಅಂಗಳದಿಂದ.

ನಾನು ಶೇಂಗಾ ಬೆಳೆಯುವ ಮನೆಯವಳು. ಎದ್ದು ಹೋಗಿ ಕೋಳಿಗಳ ನಡುವಿನಿಂದ ಒಂದು ಚಿಟಿಕೆ ತರಿ ಎತ್ತಿ ಬಾಯಿಗೆ ಹಾಕಿದೆ. ಶೇಂಗಾ ಇದೆ, ಸೋಯಾ ಇದೆ, ಎಣ್ಣೆ ಜಿಡ್ಡು ಇದೆ. ಪಾತ್ರೆಯ ಬಿಳೀ ಹಿಟ್ಟು ನೆಕ್ಕಿದೆ. ಬರೀ ಮೆಕ್ಕೆಜೋಳ. ಆ ಕೋಳಿಗಳನ್ನು ನೋಡಿದೆ, ಒಂದೊಂದೂ ಇಷ್ಟು ದಪ್ಪ. ಚಾಪೆಯ ಮೇಲಿನ ಚಿಸೋಮೋನನ್ನು ನೋಡಿದೆ.

ಈಗ ಹೇಳುವುದು ನಾಚಿಕೆಯ ವಿಷಯ. ಸೋಸಬೇಡ ಅವ್ವಾ, ಸತ್ವ ಎಲ್ಲ ಅದರಲ್ಲೇ ಇರ್ತದೆ ಅಂತ ವಿನುತಾ ನನಗೆ ಊರಲ್ಲೇ ಹೇಳಿದ್ದಳು. ಹೂಂ ಅಂದಿದ್ದೆ. ಅವಳು ಕೆಲಸಕ್ಕೆ ಕೂತ ಕೂಡಲೇ ಪಂಚೆ ತುಂಡು ತೆಗೆಯುತ್ತಿದ್ದೆ. ಲೋಕದ ಮಕ್ಕಳ ಗಂಜಿ ಪರೀಕ್ಷೆ ಮಾಡುವವಳ ಸ್ವಂತ ಮಗಳ ಗಂಜಿ ಹೀಗೆ. ಉಣ್ಣಿಸಿದ್ಯಾ ಅಂತ ಕೇಳಿದರೆ ಉಣ್ಣಿಸಿದೆ ಅನ್ನುತ್ತಿದ್ದೆ. ಸುಳ್ಳೇನಲ್ಲ.

ಸಂಜೆ ಅವಳು ಬರುವ ತನಕ ನನ್ನೊಳಗೆ ಜಗಳ. ಹೇಳಿದರೆ ನನ್ನ ಕಳ್ಳತನ ಹೊರಬೀಳುತ್ತದೆ. ಅಗೋಗೊನದೂ ಬೀಳುತ್ತದೆ. ಅವಳ ಅನ್ನ ತಿಂದು ಅವಳ ಮೇಲೆ ಚಾಡಿ ಹೇಳಿದ ಹಾಗೆ. ಹೇಳದಿದ್ದರೆ ಹಿಟ್ಟು ನಿಲ್ಲುತ್ತದೆ. ಕಡೆಗೆ ನನ್ನದನ್ನು ಮೊದಲು ಹೇಳುವುದು ಅಂತ ಗಟ್ಟಿ ಮಾಡಿಕೊಂಡೆ. ವಿನುತಾ ಕಾಲು ತೊಳೆದು ಒಳಗೆ ಬಂದಳು.

"ತಂಗಿ, ನಾ ಪುಟ್ಟಿ ಮಣ್ಣಿ ಸೋಸ್ತೆ," ಅಂದೆ. "ನೀ ಬೇಡ ಅಂದ ಮೇಲೂ ಸೋಸ್ತೆ."

ಅವಳಿಗೆ ಸಿಟ್ಟು ಬಂತು. ಎಷ್ಟು ದಿನದಿಂದ ಅಂದಳು. ಮೊದಲ ದಿನದಿಂದ ಅಂದೆ. ಏನೇನೋ ಬೈದಳು, ಬೈಸಿಕೊಂಡೆ. ಬೈದು ಮುಗಿದ ಮೇಲೆ, ಅಗೋಗೊನೂ ಹಾಗೇ ಮಾಡ್ತಾಳೆ, ಶೇಂಗಾ ಎಲ್ಲ ಕೋಳಿ ಹೊಟ್ಟೆಗೆ ಅಂದೆ. ಅವಳು ಪುಸ್ತಕ ತೆಗೆದಳು, ಪೆನ್ನು ಹುಡುಕಿದಳು, ಪೆನ್ನು ಅವಳ ತಲೆಗೂದಲಲ್ಲೇ ಸಿಕ್ಕಿಕೊಂಡಿತ್ತು. ಇನ್ನೊಂದು ಸಲ ಹೇಳು ಅವ್ವಾ, ಮೊದಲಿಂದ ಅಂದಳು.

ಮತ್ತೆ ಮಾವಿನ ಮರ

ಎರಡು ದಿನ ಬಿಟ್ಟು ಗ್ರೇಸ್ ಅಜ್ಜಿಯರನ್ನೇ ಕರೆಸಿದಳು. ಈ ಸಲ ಅವರು ಮರದ ಕೆಳಗೆ, ತಾಯಂದಿರು ಗೋಡೆಯ ಕಡೆ. ಗಂಜಿ ಕಾಯಿಸುವವರು ಯಾರು ಅಂತ ಕೇಳಿದಳು. ನಾವು ಅಂದರು. ಹಿಟ್ಟು ಜರಡಿ ಹಿಡೀತೀರಾ ಅಂತ ಕೇಳಿದಳು. ಎಲ್ಲರೂ ನೆಲ ನೋಡಿದರು. ಅಗೋಗೊ ನನ್ನನ್ನು ನೋಡಿದಳು. ನಾನೇ ಹೇಳಿದ್ದು ಅಂತ ಅವಳಿಗೆ ಅಂದಾಜಾಗಿತ್ತು. ಆ ನೋಟ ನನಗೆ ತಡೆಯಲಿಲ್ಲ, ಎದ್ದು ನಿಂತೆ.

ನಾನು ಕನ್ನಡದಲ್ಲಿ ಹೇಳಿದೆ, ವಿನುತಾ ಇಂಗ್ಲಿಷಿನಲ್ಲಿ, ಗ್ರೇಸ್ ಅವರ ಭಾಷೆಯಲ್ಲಿ. ನನ್ನ ಒಂದು ಮಾತು ಅಲ್ಲಿಗೆ ಮುಟ್ಟುವಾಗ ನಾಲ್ಕು ಆಗುತ್ತಿತ್ತು. ನಾನೂ ಸೋಸುವವಳು ಅಂದೆ. ಈ ವಿನುತಾ ಸಣ್ಣವಳಿರುವಾಗ ಮೂರು ಸಲ ಸೋಸಿ ಉಣ್ಣಿಸಿದೆ, ಚರಟ ಎಮ್ಮೆಗೆ ಹಾಕಿದೆ. ನಮ್ಮ ಎಮ್ಮೆ ಇಡೀ ಕೇರಿಗೆ ದೊಡ್ಡದಾಯಿತು, ಮಗಳು ಇಷ್ಟೇ ಆದಳು ಅಂತ ಅವಳನ್ನು ತೋರಿಸಿದೆ. ವಿನುತಾ ಗಿಡ್ಡಿ. ಅದನ್ನು ಅವಳೇ ಇಂಗ್ಲಿಷಿಗೆ ಮಾಡಿ ಹೇಳಬೇಕಾಯಿತು.

ಮೊದಲು ನಕ್ಕದ್ದು ಅಗೋಗೊ. ಆಮೇಲೆ ಎಲ್ಲರೂ. ಒಬ್ಬಳು ತನ್ನ ಕೋಳಿ ಇಷ್ಟು ದಪ್ಪ ಅಂತ ಕೈ ಅಗಲಿಸಿದಳು, ಇನ್ನೊಬ್ಬಳು ತನ್ನ ಹಂದಿ. ಎಲ್ಲ ಮನೆಯಲ್ಲೂ ಜರಡಿ. ಎಂತಕ್ಕೆ ಅಂತ ಗ್ರೇಸ್ ಕೇಳಿದಾಗ ಅಗೋಗೊ ಎದ್ದು ಹೇಳಿದಳು. ತರಿ ಹಿಟ್ಟು ಹಸಿವೆಯ ಕಾಲದಲ್ಲಿ ತಿನ್ನುವುದಂತೆ. ಮನೆಗೆ ಬಂದ ನೆಂಟರಿಗೆ, ಕೂಸಿಗೆ ಬೆಳ್ಳಗಿನ ನುಣ್ಣನೆ ಹಿಟ್ಟು. ನನ್ನ ಮೊಮ್ಮಗನಿಗೆ ಬಡವರ ಹಿಟ್ಟು ಉಣ್ಣಿಸಲಾ ಅಂತ ಅವಳೇ ತಿರುಗಿ ಕೇಳಿದಳು. ಪ್ರೀತಿಯಿಂದಲೇ ಸೋಸಿದ್ದರು ನೋಡಿ, ಎಲ್ಲರೂ.

ದಾರಿ ತೋರಿಸಿದವಳೂ ಅಗೋಗೊನೇ. ಮಿಲ್ಲಿನಲ್ಲಿ ಎರಡು ಸಲ ಬೀಸಿ ಕೊಡಿ, ಜರಡಿಯಲ್ಲಿ ಉಳಿಯಲು ಏನೂ ಇಲ್ಲದ ಹಾಗೆ, ಆಗ ನಮ್ಮ ಕೈ ಸುಮ್ಮನಿರುತ್ತದೆ ಅಂದಳು. ಇಷ್ಟೇ ಕೆಲಸ. ಹಿಟ್ಟು ಮಾರಿಕೊಳ್ಳುತ್ತಾರೆ ಅಂದ ಸಾಹೇಬರು ಅಲ್ಲೇ ಕುರ್ಚಿಯಲ್ಲಿದ್ದರು. ಎದ್ದು ಹೋಗಿ ಅಜ್ಜಿಯರ ಮುಂದೆ ಮೊಣಕಾಲು ಬಗ್ಗಿಸಿ ಕೈ ತಟ್ಟಿದರು. ಗಂಡಸರು ಹಾಗೆ ಬಗ್ಗಿದ್ದನ್ನು ನಾನು ಅಲ್ಲಿ ನೋಡಿದ್ದು ಅದೊಂದೇ ಸಲ.

ಹಿಟ್ಟಿಗೆ ಹಣ ಕೊಡುವವರು ಕೂಡಲೇ ಒಪ್ಪಲಿಲ್ಲ. ಎರಡು ಸಲ ಬೀಸಿದ ಹಿಟ್ಟು ಆರು ತಿಂಗಳು ಕೊಟ್ಟು ನೋಡುತ್ತೇವೆ, ಮತ್ತೆ ಅಳೆಯುತ್ತೇವೆ, ಆಗಲೂ ತೂಕ ಏಳದಿದ್ದರೆ ನಿಲ್ಲಿಸುತ್ತೇವೆ ಅಂದರು. ಆ ಆರು ತಿಂಗಳು ನಾನು ಹಟ್ಟಿಕೇರಿಯಲ್ಲಿ ಹೇಗೆ ಕಳೆದೆ ಅಂತ ನಮ್ಮನೆಯವರನ್ನು ಕೇಳಿ. ಪುಟ್ಟಿಯ ಮಣ್ಣಿ ಕಾಯಿಸುವಾಗೆಲ್ಲ ಆ ಕಡೆಯ ಒಲೆಯ ನೆನಪು. ಸೋಸಲಿಲ್ಲ. ಪುಟ್ಟಿಯ ಕರುಳಿಗೆ ಏನೂ ಆಗಲಿಲ್ಲ.

ಹಟ್ಟಿಕೇರಿ, ಸಂಜೆ

ಕಾರವಾರದಿಂದ ವಿನುತಾ, ಅಳಿಯಂದಿರು, ಪುಟ್ಟಿ ಐದು ಗಂಟೆಗೇ ಬಂದರು. ಬೆಳಿಗ್ಗೆ ಗಡಿಬಿಡಿಯಲ್ಲಿ ಫೋನು ಮಾಡಿದವಳು ಈಗ ಪೂರ್ತಿ ಹೇಳಿದಳು. ಗ್ರೇಸ್ ಮರದ ಕೆಳಗಿನಿಂದಲೇ ಸುದ್ದಿ ಕಳಿಸಿದ್ದಳಂತೆ. ಹಳದಿಯ ಮಕ್ಕಳಲ್ಲಿ ತುಂಬ ಜನ ಹಸಿರಿಗೆ ದಾಟಿದ್ದಾರೆ. ಎಲ್ಲರೂ ಅಲ್ಲ, ಕೆಲವರಿಗೆ ಜ್ವರ, ಭೇದಿ ಇತ್ತು, ಅದಕ್ಕೆ ಬೇರೆ ದಾರಿ ನೋಡಬೇಕು. ಚಿಸೋಮೋ ಗೋಡೆ ಹಿಡಿದು ನಡೆಯುತ್ತಾನೆ. ಅಗೋಗೊ ನನಗೊಂದು ಮಾತು ಹೇಳಿ ಕಳಿಸಿದ್ದಾಳೆ. ನಿನ್ನಿಂದ ನನ್ನ ಕೋಳಿಗಳು ಒಣಗಿಹೋದವು, ಇನ್ನೊಂದು ಸಲ ಬಂದರೆ ನಿನಗೆ ಕೋಳಿ ಸಾರು ಇಲ್ಲ ಅಂತ.

ನಮ್ಮನೆಯವರು ಅಂಕೋಲೆ ಪೇಟೆಗೆ ಹೋಗಿ ಇಸೋಣ ಮೀನು ತಂದಿದ್ದರು. ಸುದ್ದಿ ದೊಡ್ಡದು ಅಂತ ಅವರಿಗೂ ಅನ್ನಿಸಿದ್ದು ಆ ಮೀನಿನ ಗಾತ್ರ ನೋಡಿ ನನಗೆ ಗೊತ್ತಾಯಿತು. ಅರ್ಧ ಹುರಿದೆ, ಅರ್ಧ ಸಾರು ಮಾಡಿದೆ. ಅತ್ತೆಯನ್ನು ಕೈ ಹಿಡಿದು ತಂದು ಕೂರಿಸಿದೆವು. ಸೋಸಬಾರದಂತೆ ಅಂತ ವಿನುತಾ ಅವರ ಕಿವಿಯಲ್ಲಿ ಹೇಳಿದಳು. ಅತ್ತೆ ನಮ್ಮನೆಯವರ ಕಡೆ ಬೆರಳು ತೋರಿಸಿ, "ಇಂವ ಸೋಸಿ ಉಣ್ಸಿದ ಕೂಸೇ ಅಲ್ವೇನೆ, ಎಂತ ಆಯ್ತು ಇವಂಗೆ?" ಅಂದರು. ಅಳಿಯಂದಿರು ಮಾವನ ಮುಖ ನೋಡದೆ ನೀರು ಕುಡಿದರು.

ಎಲ್ಲರ ತಟ್ಟೆಗೂ ಅನ್ನ ಬಿತ್ತು. ನಾನೂ ಕೂತೆ. ವರದಿಯಲ್ಲಿ ಕಡೆಗೆ ಎಂತ ಬರೆದೆ ಅಂತ ನಮ್ಮನೆಯವರು ಕೇಳಿದರು. ವಿನುತಾ ಎಡಗೈಯಲ್ಲಿ ಫೋನು ಹಿಡಿದು ಇಂಗ್ಲಿಷನ್ನು ಕನ್ನಡ ಮಾಡಿ ಓದಿದಳು.

"ಮಗುವಿನ ಗಂಜಿ ಕಾಯಿಸುವವಳು ಅಜ್ಜಿ. ಒಂದು ವರ್ಷ ನಾವು ಎಲ್ಲರನ್ನೂ ಕೇಳಿದೆವು, ಅವಳನ್ನು ಕೇಳಲಿಲ್ಲ."

ನಮ್ಮನೆಯವರು ಕಲಸಿದ ತುತ್ತು ಕೈಯಲ್ಲೇ ಹಿಡಿದುಕೊಂಡಿದ್ದರು.

"ಇನ್ನೊಂದು ಸಲ ಓದು," ಅಂದರು.

ಅವಳು ಇನ್ನೊಂದು ಸಲ ಓದಿದಳು. ಯಾರೂ ಉಣ್ಣಲಿಲ್ಲ. ನನಗೆ ಎಲ್ಲಿ ನೋಡಬೇಕು ಅಂತ ತಿಳಿಯದೆ ಹುರಿದ ಮೀನನ್ನು ನೋಡಿದೆ. ಉಣ್ಣಿ ಮಾರಾಯ್ರೆ, ಸಾರು ಆರ್ತದೆ ಅಂದೆ. ಎಲ್ಲರೂ ತಟ್ಟೆಗೆ ಕೈ ಹಾಕಿದರು. ಪುಟ್ಟಿ ನನ್ನ ತೊಡೆಯ ಮೇಲೆ ಹತ್ತಿ ಬಾಯಿ ತೆರೆದಳು.